ಬೋರ್ಡಿನ ಸಮೀಕರಣ, ಬ್ಯೂರೆಟ್ಟಿನ ಗೆರೆ: ಪದವಿಯ ಮೊದಲ ವರ್ಷದ ರಸಾಯನಶಾಸ್ತ್ರ

ಪದವಿಯ ಮೊದಲ ವರ್ಷದ ರಸಾಯನಶಾಸ್ತ್ರ ಎರಡು ಕೋಣೆಗಳಲ್ಲಿ ನಡೆಯುತ್ತದೆ. ಒಂದರಲ್ಲಿ ಬೋರ್ಡು, ಸೀಮೆಸುಣ್ಣ, ಸಮೀಕರಣ. ಇನ್ನೊಂದರಲ್ಲಿ ಬ್ಯೂರೆಟ್, ಬರ್ನರ್, ಆಮ್ಲದ ಘಾಟು. ವೇಳಾಪಟ್ಟಿಯಲ್ಲಿ ಇವಕ್ಕೆ ಬೇರೆ ಬೇರೆ ಗಂಟೆ, ಪರೀಕ್ಷೆಯಲ್ಲಿ ಬೇರೆ ಬೇರೆ ಅಂಕ. ಹಾಗಾಗಿ ಎಷ್ಟೋ ವಿದ್ಯಾರ್ಥಿಗಳು ಇವನ್ನು ಎರಡು ವಿಷಯಗಳೆಂದೇ ಭಾವಿಸಿ, ಥಿಯರಿಯನ್ನು ಬಾಯಿಪಾಠ ಮಾಡುತ್ತಾರೆ, ಪ್ರಾಕ್ಟಿಕಲ್‌ನಲ್ಲಿ ಹೇಳಿದಷ್ಟು ಮಾಡಿ ಎದ್ದು ಬರುತ್ತಾರೆ. ತೊಡಕು ಶುರುವಾಗುವುದೇ ಇಲ್ಲಿ. ಲ್ಯಾಬಿನಲ್ಲಿ ತೆಗೆದ ಒಂದೊಂದು ರೀಡಿಂಗ್‌ನ ಹಿಂದೆಯೂ ತರಗತಿಯ ಒಂದು ಪಾಠ ಇರುತ್ತದೆ. ತರಗತಿಯ ಪ್ರತಿಯೊಂದು ನಿಯಮವೂ ಎಂದೋ ಯಾರೋ ಲ್ಯಾಬಿನಲ್ಲಿ ತೆಗೆದ ರೀಡಿಂಗ್‌ಗಳಿಂದಲೇ ಹುಟ್ಟಿದ್ದು.

ಪಿಯುಸಿಯಿಂದ ಬಂದವರಿಗೆ ಮೊದಲು ಎದುರಾಗುವುದು ಪ್ರಶ್ನೆಯ ಸ್ವರೂಪದ ಬದಲಾವಣೆ. ಸಿಇಟಿ, ನೀಟ್‌ಗಳಿಗೆ ಸಿದ್ಧವಾದ ಮನಸ್ಸು ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಥಟ್ಟನೆ ಗುರುತಿಸಲು ಪಳಗಿರುತ್ತದೆ. ಪದವಿ ತರಗತಿಯಲ್ಲಿ ಉತ್ತರ ಗೊತ್ತಿದ್ದರೆ ಸಾಲದು, ಅದು ಯಾಕೆ ಹಾಗೆ ಎಂದು ಅರ್ಧ ಪುಟ ಬರೆಯಬೇಕು. ಒಂದು ಉದಾಹರಣೆ: ಆವರ್ತ ಕೋಷ್ಟಕದ ಎರಡನೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಅಯಾನೀಕರಣ ಶಕ್ತಿ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಂಕಿಗಳನ್ನು ನೋಡಿದರೆ ಇಂಗಾಲಕ್ಕೆ ಮೋಲ್‌ಗೆ ಸುಮಾರು 1086 ಕಿಲೋಜೂಲ್, ಸಾರಜನಕಕ್ಕೆ 1402, ಆಮ್ಲಜನಕಕ್ಕೆ 1314, ಫ್ಲೋರಿನ್‌ಗೆ 1681. ಆಮ್ಲಜನಕದ ಹತ್ತಿರ ಸಾಲು ಮುಗ್ಗರಿಸುತ್ತದೆ. ಸಾರಜನಕದ ಮೂರು ಪಿ ಆರ್ಬಿಟಲ್‌ಗಳಲ್ಲಿ ಒಂದೊಂದೇ ಎಲೆಕ್ಟ್ರಾನ್. ಆಮ್ಲಜನಕದಲ್ಲಿ ನಾಲ್ಕನೆಯದು ಅವುಗಳಲ್ಲೊಂದರೊಳಗೆ ಜೋಡಿಯಾಗಿ ಕೂರಬೇಕು. ಜೋಡಿಯಾದ ಎರಡರ ನಡುವಿನ ವಿಕರ್ಷಣೆಯಿಂದಾಗಿ ಒಂದನ್ನು ಕಿತ್ತು ತೆಗೆಯುವುದು ಸುಲಭವಾಗುತ್ತದೆ. ನಿಯಮವನ್ನು ಮಾತ್ರ ಓದಿದವರು ಈ ಮುಗ್ಗರಿಕೆಯನ್ನು ‘ಅಪವಾದ’ ಎಂದು ಬರೆದು ಮುಂದೆ ಹೋಗುತ್ತಾರೆ. ಪರಮಾಣು ರಚನೆಯ ಪಾಠಕ್ಕೂ ಆವರ್ತ ಗುಣಗಳ ಪಾಠಕ್ಕೂ ಕೊಂಡಿ ಇರುವುದು ಆ ಅಪವಾದದಲ್ಲೇ.

ತರಗತಿ

ಉಪನ್ಯಾಸ ಕೇಳುವಾಗ ಬೋರ್ಡಿನಲ್ಲಿದ್ದದ್ದನ್ನೆಲ್ಲ ನಕಲು ಮಾಡುವುದು ಶ್ರದ್ಧೆಯಂತೆ ಕಂಡರೂ ಅದರಿಂದ ಸಿಗುವುದು ಕಡಿಮೆ. ವ್ಯಾಖ್ಯೆ, ಸೂತ್ರ, ಅಂಕಿಗಳು ಪುಸ್ತಕದಲ್ಲಿ ಇದ್ದೇ ಇರುತ್ತವೆ. ಪುಸ್ತಕದಲ್ಲಿಲ್ಲದ್ದು ಅಧ್ಯಾಪಕರು ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ಹೋಗುವಾಗ ಬಾಯಲ್ಲಿ ಹೇಳುವ ಮಾತು: ‘ಇಲ್ಲಿ ಗಾತ್ರ ಬದಲಾಗುವುದಿಲ್ಲ, ಅದಕ್ಕೇ ಈ ಪದ ಸೊನ್ನೆ’ ಎಂಬಂಥದ್ದು. ಬರೆದುಕೊಳ್ಳಬೇಕಾದದ್ದು ಅದನ್ನು. ಪುಟದ ಬಲಗಡೆ ಮೂರು ಬೆರಳಗಲ ಜಾಗ ಬಿಟ್ಟು, ಅರ್ಥವಾಗದ ಕಡೆ ಅಲ್ಲೇ ಪ್ರಶ್ನೆ ಗುರುತು ಹಾಕಿಕೊಂಡರೆ ಸಂಜೆ ಎಲ್ಲಿಂದ ಹಿಡಿಯಬೇಕೆಂದು ಹುಡುಕಬೇಕಾಗಿಲ್ಲ. ಟಿಪ್ಪಣಿಯನ್ನು ಅದೇ ದಿನ ಇಪ್ಪತ್ತು ನಿಮಿಷ ತಿರುವಿಹಾಕಬೇಕು. ಎರಡು ವಾರ ಬಿಟ್ಟು ತೆರೆದರೆ ಅದು ಬೇರೆ ಯಾರೋ ಬರೆದ ಪುಸ್ತಕದಂತೆ ಕಾಣುತ್ತದೆ.

ಭೌತ, ಸಾವಯವ, ನಿರವಯವ ಎಂಬ ಮೂರು ಶಾಖೆಗಳನ್ನು ಒಂದೇ ರೀತಿಯಲ್ಲಿ ಓದಲು ಬರುವುದಿಲ್ಲ.

ಭೌತ ರಸಾಯನಶಾಸ್ತ್ರ ಕೈಗೆ ಹತ್ತುವುದು ಲೆಕ್ಕ ಮಾಡಿದಾಗ ಮಾತ್ರ. ಇಲ್ಲಿ ತಪ್ಪುವುದು ಹೆಚ್ಚಾಗಿ ಗಣಿತವಲ್ಲ, ಏಕಮಾನ. ಅನಿಲ ಸ್ಥಿರಾಂಕ ಜೂಲ್ ಲೆಕ್ಕದಲ್ಲಿ 8.314, ಲೀಟರ್–ಅಟ್ಮಾಸ್ಫಿಯರ್ ಲೆಕ್ಕದಲ್ಲಿ 0.0821. ಒತ್ತಡವನ್ನು ಅಟ್ಮಾಸ್ಫಿಯರ್‌ನಲ್ಲಿ ಇಟ್ಟುಕೊಂಡು 8.314 ಹಾಕಿದರೆ ಉತ್ತರ ನೂರು ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ಎಸ್‌ಟಿಪಿಯಲ್ಲಿ ಒಂದು ಮೋಲ್ ಅನಿಲದ ಗಾತ್ರ 22.4 ಲೀಟರ್, ಕೆಲವು ಹೊಸ ಪುಸ್ತಕಗಳಲ್ಲಿ 22.7. ಎರಡೂ ತಪ್ಪಲ್ಲ. ಪ್ರಮಾಣ ಒತ್ತಡವನ್ನು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ 1982ರಲ್ಲಿ 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಬದಲಿಸಿದ್ದರಿಂದ ಬಂದ ವ್ಯತ್ಯಾಸ ಅದು. ಪ್ರತಿ ಸಾಲಿನಲ್ಲೂ ಅಂಕಿಯ ಪಕ್ಕ ಏಕಮಾನ ಬರೆಯುತ್ತ ಹೋಗುವುದೇ ಇದಕ್ಕೆ ಮದ್ದು. ಏಕಮಾನಗಳು ಹೊಂದದಿದ್ದರೆ ಲೆಕ್ಕ ಮುಗಿಯುವ ಮೊದಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ಸಾವಯವ ರಸಾಯನಶಾಸ್ತ್ರವನ್ನು ಕಣ್ಣಲ್ಲಿ ಓದುವುದಕ್ಕಿಂತ ಕೈಯಲ್ಲಿ ಓದಬೇಕು. ರಚನೆಗಳನ್ನು ಬಿಳಿ ಹಾಳೆಯ ಮೇಲೆ ಮತ್ತೆ ಮತ್ತೆ ಬಿಡಿಸಬೇಕು, ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬಾಣ ಹಾಕಿ ತೋರಿಸಬೇಕು. ತ್ರಿವಿಮ ರಚನೆ ಮಾತ್ರ ಹಾಳೆಯ ಮೇಲೆ ಬಗ್ಗುವುದಿಲ್ಲ. ಕಾಲೇಜಿನ ಮಾದರಿ ಸೆಟ್ ಕೈಗೆ ಸಿಗದಿದ್ದರೆ ಅಡುಗೆಮನೆ ಸಾಕು. ಚಪಾತಿ ಹಿಟ್ಟಿನ ಪುಟ್ಟ ಉಂಡೆ ಇಂಗಾಲವಾಗಲಿ. ಅದಕ್ಕೆ ಪೊರಕೆ ಕಡ್ಡಿಯ ನಾಲ್ಕು ತುಂಡು ಚುಚ್ಚಿ, ಪ್ರತಿ ಜೋಡಿಯ ನಡುವಿನ ಕೋನವೂ ಸಮನಾಗಿ, ಸುಮಾರು 109.5 ಡಿಗ್ರಿ ಆಗುವಂತೆ ಹೊಂದಿಸಬೇಕು. ನಾಲ್ಕು ತುದಿಗೆ ನೆನೆಸಿದ ಕಡಲೆ, ಬಟಾಣಿ, ಅವರೆ, ಶೇಂಗಾ ಒಂದೊಂದು ಕಾಳು. ಈಗ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆಯೇ ಇನ್ನೊಂದು ಮಾದರಿ ಮಾಡಿ ಎರಡನ್ನೂ ಒಂದರ ಮೇಲೊಂದು ಕೂರಿಸಲು ನೋಡಿದರೆ, ಹೇಗೆ ತಿರುಗಿಸಿದರೂ ಎರಡು ಕಾಳು ಹೊಂದುತ್ತವೆ, ಉಳಿದೆರಡು ಅದಲುಬದಲಾಗಿರುತ್ತವೆ. ಕೈರಾಲಿಟಿ ಎಂಬುದು ಇಷ್ಟೇ. ಎರಡು ಬಟಾಣಿ ಹಾಕಿದ ಕೂಡಲೇ ಆ ಗುಣ ಹೋಗಿಬಿಡುತ್ತದೆ ಎಂಬುದನ್ನೂ ಅದೇ ಉಂಡೆ ತೋರಿಸಿಕೊಡುತ್ತದೆ.

ನಿರವಯವ ಭಾಗದಲ್ಲಿ ನೆನಪಿನ ಪಾತ್ರ ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. ಲವಣ ವಿಶ್ಲೇಷಣೆ ಮಾಡುತ್ತ ಬಂದಂತೆ ಆ ನೆನಪು ತಾನಾಗಿ ಗಟ್ಟಿಯಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಭಾರವೂ ಇದೆ. ಒಂದೆರಡು ತಿಂಗಳಲ್ಲಿ ಪದಗಳೆಲ್ಲ ಬದಲಾಗಿಬಿಡುತ್ತವೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಶಾಲೆಯಲ್ಲಿ ಕಲಿತ ಕನ್ನಡ ಪದ, ಕೆಳಗೆ ಸ್ವಂತ ಮಾತಿನಲ್ಲಿ ಒಂದು ಸಾಲಿನ ಅರ್ಥ ಬರೆದ ಚಿಕ್ಕ ನೋಟ್‌ಬುಕ್ ಇಟ್ಟುಕೊಂಡವರು ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸುಧಾರಿಸಿಕೊಳ್ಳುತ್ತಾರೆ. ಎಚ್ಚರ ಬೇಕಾದದ್ದು ಎರಡು ಅರ್ಥ ಬರುವ ಮಾತುಗಳಲ್ಲಿ. ‘ಪ್ರಬಲ ಆಮ್ಲ’ ಎಂಬುದನ್ನು ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗುವ ಆಮ್ಲಕ್ಕೂ ಹೇಳುತ್ತಾರೆ, ನೀರು ಬೆರೆಸದ ಗಟ್ಟಿ ಆಮ್ಲಕ್ಕೂ ಹೇಳುವುದುಂಟು. ಇವೆರಡೂ ಬೇರೆ. ಗ್ಲೇಷಿಯಲ್ ಅಸಿಟಿಕ್ ಆಮ್ಲ ಎಷ್ಟೇ ಗಟ್ಟಿಯಾಗಿದ್ದರೂ ಸ್ವಭಾವದಲ್ಲಿ ದುರ್ಬಲ, 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಎಷ್ಟೇ ತೆಳುವಾಗಿದ್ದರೂ ಪ್ರಬಲ. ವಿಷಯವನ್ನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಉರು ಹೊಡೆಯುವುದೇ ನಿಜವಾದ ನಷ್ಟ.

ಲ್ಯಾಬ್: ಒಂದು ಟೈಟ್ರೇಷನ್

ಲ್ಯಾಬಿನ ಕೆಲಸ ಹಿಂದಿನ ಸಂಜೆಯೇ ಶುರುವಾಗಬೇಕು. ಯಾವ ಪ್ರಯೋಗ, ಯಾವ ಕ್ರಿಯೆ, ಎಷ್ಟು ತೂಗಬೇಕು, ಯಾವುದು ಸುಡುತ್ತದೆ, ಯಾವುದು ವಿಷ ಎಂಬುದನ್ನು ಅರ್ಧ ಪುಟದಲ್ಲಿ ಬರೆದುಕೊಂಡು ಹೋದವರಿಗೆ ಮೂರು ಗಂಟೆ ಧಾರಾಳ; ಖಾಲಿ ಕೈಯಲ್ಲಿ ಹೋದವರು ಪಕ್ಕದ ಬೆಂಚಿನ ಕಡೆ ನೋಡುತ್ತಲೇ ಸಮಯ ಕಳೆಯುತ್ತಾರೆ.

ಹೆಚ್ಚುಕಡಿಮೆ ಎಲ್ಲ ಕಾಲೇಜುಗಳಲ್ಲೂ ಮಾಡಿಸುವ ಪ್ರಯೋಗವೊಂದನ್ನು ಹತ್ತಿರದಿಂದ ನೋಡಬಹುದು: ಆಕ್ಸಾಲಿಕ್ ಆಮ್ಲ ಬಳಸಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನ ಸಾರತೆ ಕಂಡುಹಿಡಿಯುವುದು. ಮೊದಲ ಪ್ರಶ್ನೆ, ಪರ್ಮ್ಯಾಂಗನೇಟನ್ನೇ ತೂಗಿ ದ್ರಾವಣ ಮಾಡಬಾರದೇಕೆ? ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್‌ನ ಅಂಶ ಬೆರೆತಿರುತ್ತದೆ, ದ್ರಾವಣ ಇಟ್ಟಲ್ಲೇ ನಿಧಾನವಾಗಿ ಕೆಡುತ್ತದೆ. ಆದ್ದರಿಂದ ತೂಕವನ್ನು ನಂಬುವಂತಿಲ್ಲ. ಆಕ್ಸಾಲಿಕ್ ಆಮ್ಲದ ಹರಳು ಶುದ್ಧವಾಗಿ ಸಿಗುತ್ತದೆ, ಗಾಳಿಯಲ್ಲಿ ಸುಲಭವಾಗಿ ಕೆಡುವುದಿಲ್ಲ. ಹರಳಿನ ಒಂದು ಅಣುವಿನ ಜೊತೆ ಎರಡು ನೀರಿನ ಅಣುಗಳಿರುವುದರಿಂದ ಮೋಲಾರ್ ತೂಕ 126.07. 250 ಮಿ.ಲೀ. ಫ್ಲಾಸ್ಕಿನಲ್ಲಿ 0.05 ಮೋಲಾರ್ ದ್ರಾವಣಕ್ಕೆ ಬೇಕಾದದ್ದು 1.576 ಗ್ರಾಂ. ತಕ್ಕಡಿಯಲ್ಲಿ ಸರಿಯಾಗಿ ಅಷ್ಟೇ ಬರಬೇಕೆಂದು ಒಂದೊಂದೇ ಕಣ ಹಾಕಿ ತೆಗೆದು ಅರ್ಧ ಗಂಟೆ ಕಳೆಯುವುದು ವ್ಯರ್ಥ. 1.583 ಗ್ರಾಂ ಬಂದರೆ ಅದನ್ನೇ ಬರೆದುಕೊಂಡು ಸಾರತೆ 0.0502 ಎಂದು ಲೆಕ್ಕ ಹಾಕಿದರಾಯಿತು. ಮುಖ್ಯವಾದದ್ದು ಎಷ್ಟು ಹಾಕಿದೆವೆಂಬ ಖಚಿತ ಅರಿವು.

ಮುಂದಿನದು ತೊಳೆಯುವ ಕೆಲಸ. ಇದರಲ್ಲಿ ತಪ್ಪಿದರೆ ಮುಂದೆ ಎಷ್ಟು ಜಾಗ್ರತೆ ವಹಿಸಿದರೂ ಪ್ರಯೋಜನವಿಲ್ಲ. ಬ್ಯೂರೆಟನ್ನು ನೀರಿನಿಂದ ತೊಳೆದ ಮೇಲೆ ಅದರಲ್ಲಿ ತುಂಬಲಿರುವ ದ್ರಾವಣದಿಂದಲೇ ಎರಡು ಸಲ ಜಾಲಾಡಬೇಕು, ಪಿಪೆಟ್ಟಿಗೂ ಹಾಗೆಯೇ. ಕೋನಿಕಲ್ ಫ್ಲಾಸ್ಕಿಗೆ ಮಾತ್ರ ಬರೀ ಬಟ್ಟಿ ಇಳಿಸಿದ ನೀರು. ಯಾಕೆಂದರೆ ಬ್ಯೂರೆಟ್ಟಿನಲ್ಲಿ ಉಳಿದ ನೀರು ದ್ರಾವಣವನ್ನು ತೆಳುವಾಗಿಸಿ ರೀಡಿಂಗ್ ಹೆಚ್ಚಿಸುತ್ತದೆ. ಫ್ಲಾಸ್ಕಿನಲ್ಲಿ ನೀರು ಎಷ್ಟಿದ್ದರೂ ಪಿಪೆಟ್ಟಿನಿಂದ ಬಿದ್ದ ಆಮ್ಲದ ಮೋಲ್‌ಗಳು ಬದಲಾಗುವುದಿಲ್ಲ, ಆದರೆ ಅದನ್ನು ಆಕ್ಸಾಲಿಕ್ ಆಮ್ಲದಿಂದ ಜಾಲಾಡಿದರೆ ಲೆಕ್ಕಕ್ಕಿಲ್ಲದ ಆಮ್ಲ ಒಳಗೆ ಉಳಿಯುತ್ತದೆ. ಮೋಲ್‌ಗೂ ಮೋಲಾರಿಟಿಗೂ ಇರುವ ವ್ಯತ್ಯಾಸ ತರಗತಿಯಲ್ಲಿ ಗೊಂದಲವಾಗಿದ್ದರೆ ಇಲ್ಲಿ ತಿಳಿಯಾಗುತ್ತದೆ.

ಪಿಪೆಟ್ಟಿಗೆ ರಬ್ಬರ್ ಬಲ್ಬ್ ಬಳಸಬೇಕು, ಬಾಯಿಂದ ಎಳೆಯಬಾರದು. ದ್ರಾವಣ ಇಳಿದ ಮೇಲೆ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ. ಸಾಮಾನ್ಯ ಪಿಪೆಟ್ಟಿನಲ್ಲಿ ಅದನ್ನು ಊದಿ ಬೀಳಿಸಬಾರದು. ಆ ಹನಿಯನ್ನು ಬಿಟ್ಟೇ ಗೆರೆ ಹಾಕಿರುತ್ತಾರೆ. 20 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ ಅಷ್ಟೇ ಪ್ರಮಾಣದ ತೆಳು ಸಲ್ಫ್ಯೂರಿಕ್ ಆಮ್ಲ ಸೇರಿಸಿ 60–70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕುದಿಯುವಷ್ಟು ಕಾಯಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆದುಹೋಗಬಹುದು. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತ ಲೆಕ್ಕ ಕೆಡಿಸುತ್ತದೆ. ನೈಟ್ರಿಕ್ ಆಮ್ಲವಂತೂ ತಾನೇ ಉತ್ಕರ್ಷಕ.

ಈಗ ಬ್ಯೂರೆಟ್ಟಿನಿಂದ ಮೊದಲ ಹನಿ. ಬಿಸಿ ದ್ರಾವಣಕ್ಕೆ ಬಿದ್ದ ನೇರಳೆ ಹನಿ ತಕ್ಷಣ ಮಾಯವಾಗುವುದಿಲ್ಲ. ಫ್ಲಾಸ್ಕನ್ನು ತಿರುಗಿಸುತ್ತಿದ್ದಂತೆ ಗುಲಾಬಿಯಾಗಿ ಹರಡಿ, ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಕರಗುತ್ತದೆ. ಹೊಸಬರು ಇಲ್ಲೇ ‘ಎಂಡ್ ಪಾಯಿಂಟ್ ಬಂತು’ ಎಂದು ನಿಲ್ಲಿಸುವುದುಂಟು. ಎರಡನೇ, ಮೂರನೇ ಹನಿ ಬೀಳುವಷ್ಟರಲ್ಲಿ ಬಣ್ಣ ಬಿದ್ದಲ್ಲೇ ಕಾಣೆಯಾಗತೊಡಗುತ್ತದೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಕ್ರಿಯೆಯನ್ನು ವೇಗಗೊಳಿಸುವ ಸ್ವಯಂ ವೇಗವರ್ಧನೆ ಇದು. ರಾಸಾಯನಿಕ ವೇಗದ ಪಾಠದಲ್ಲಿ ಒಂದು ಪ್ಯಾರಾ ಆಗಿ ಬರುವ ಈ ಸಂಗತಿ ಕಣ್ಣೆದುರು ಅರ್ಧ ನಿಮಿಷದಲ್ಲಿ ನಡೆದುಹೋಗುತ್ತದೆ. ನಡುವೆ ಕಂದು ಬಣ್ಣದ ಬಗ್ಗಡ ಕಾಣಿಸಿಕೊಂಡರೆ ಆಮ್ಲ ಸಾಲದಾಗಿದೆ ಅಥವಾ ಹನಿಗಳನ್ನು ತೀರಾ ಅವಸರದಿಂದ ಬಿಡಲಾಗಿದೆ ಎಂದರ್ಥ. ಕೊನೆಯಲ್ಲಿ ಒಂದೇ ಒಂದು ಹನಿಗೆ ಇಡೀ ದ್ರಾವಣ ತೆಳು ಗುಲಾಬಿಗೆ ತಿರುಗಿ ಮೂವತ್ತು ಸೆಕೆಂಡು ನಿಂತರೆ ಅಲ್ಲಿಗೆ ನಿಲ್ಲಿಸಬೇಕು. ಫ್ಲಾಸ್ಕಿನಡಿ ಬಿಳಿ ಟೈಲ್ ಇದ್ದರೆ ಆ ಗುಲಾಬಿ ಬೇಗ ಕಾಣುತ್ತದೆ.

ಬಣ್ಣವಿಲ್ಲದ ದ್ರಾವಣದಲ್ಲಿ ಮೆನಿಸ್ಕಸ್‌ನ ಕೆಳ ಅಂಚನ್ನು ಓದುವುದು ವಾಡಿಕೆ. ಪರ್ಮ್ಯಾಂಗನೇಟ್‌ನ ಕಡುಬಣ್ಣದಲ್ಲಿ ಕೆಳ ಅಂಚು ಕಾಣದು, ಮೇಲಂಚನ್ನೇ ಓದಬೇಕು; ಶುರುವಿಗೂ ಕೊನೆಗೂ ಒಂದೇ ಅಂಚನ್ನು ಓದಿದರೆ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಕಣ್ಣು ಗೆರೆಯ ಮಟ್ಟದಲ್ಲಿರಬೇಕು. ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇದೆಯೇ ಎಂದು ಮೊದಲೇ ನೋಡಬೇಕು, ನಡುವೆ ಅದು ಹೊರಬಿದ್ದರೆ ಫ್ಲಾಸ್ಕಿಗೆ ಬೀಳದ ದ್ರಾವಣವೂ ರೀಡಿಂಗ್‌ನಲ್ಲಿ ಸೇರಿಬಿಡುತ್ತದೆ. ತುಂಬಲು ಇಟ್ಟ ಫನಲನ್ನು ತೆಗೆದಿಡಲು ಮರೆತರೆ ಅದರಿಂದ ತೊಟ್ಟಿಕ್ಕುವ ಹನಿ ರೀಡಿಂಗನ್ನು ಕಡಿಮೆ ಮಾಡುತ್ತದೆ. ಇವೆಲ್ಲ ಸಣ್ಣ ವಿಷಯಗಳಂತೆ ಕಾಣುತ್ತವೆ. 20 ಮಿ.ಲೀ. ಓದಿನಲ್ಲಿ 0.1 ಮಿ.ಲೀ. ಹೆಚ್ಚುಕಡಿಮೆಯಾದರೆ ಅರ್ಧ ಶೇಕಡ ತಪ್ಪು. ಇಂಥ ಮೂರು ಸೇರಿದರೆ ಒಂದೂವರೆ.

ಒಂದಕ್ಕೊಂದು ತಾಳೆಯಾಗುವ ರೀಡಿಂಗ್‌ಗಳು ಬರುವವರೆಗೆ ಮತ್ತೆ ಮಾಡಬೇಕು. ಅದು 20.3 ಮಿ.ಲೀ. ಎಂದಾದರೆ ಲೆಕ್ಕ ಹೀಗೆ: 20 ಮಿ.ಲೀ. ಆಮ್ಲದಲ್ಲಿ 1.0045 ಮಿಲಿಮೋಲ್ ಆಕ್ಸಾಲೇಟ್ ಇದೆ. ಐದು ಆಕ್ಸಾಲೇಟ್‌ಗೆ ಎರಡು ಪರ್ಮ್ಯಾಂಗನೇಟ್ ಬೇಕಾಗುವುದರಿಂದ 0.4018 ಮಿಲಿಮೋಲ್, ಅದನ್ನು 20.3ರಿಂದ ಭಾಗಿಸಿದರೆ 0.0198 ಮೋಲಾರ್. ಕ್ಯಾಲ್ಕುಲೇಟರ್ ತೋರಿಸಿದ ಎಂಟು ಅಂಕಿಗಳನ್ನೂ ರೆಕಾರ್ಡಿನಲ್ಲಿ ಇಳಿಸುವುದು ನಿಖರತೆಯಲ್ಲ. ಬ್ಯೂರೆಟ್ಟಿನಲ್ಲಿ ಓದಿದ್ದೇ ಮೂರು ಅಂಕಿ. ‘ಐದಕ್ಕೆ ಎರಡು’ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಎಲೆಕ್ಟ್ರಾನ್ ಲೆಕ್ಕದಲ್ಲಿದೆ: ಒಂದು ಪರ್ಮ್ಯಾಂಗನೇಟ್ ಐದು ಎಲೆಕ್ಟ್ರಾನ್ ಪಡೆಯುತ್ತದೆ, ಒಂದು ಆಕ್ಸಾಲೇಟ್ ಎರಡು ಬಿಟ್ಟುಕೊಡುತ್ತದೆ. ಇದನ್ನು ಸ್ವತಃ ಬಿಡಿಸಿ ಬರೆಯಬಲ್ಲವರಿಗೆ ವೈವಾದ ಭಯವಿಲ್ಲ.

ಜ್ವಾಲೆಯ ಬಣ್ಣ

ಲವಣ ವಿಶ್ಲೇಷಣೆಯಲ್ಲಿ ಎಲ್ಲರಿಗೂ ಇಷ್ಟವಾಗುವುದು ಜ್ವಾಲಾ ಪರೀಕ್ಷೆ. ಲವಣವನ್ನು ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಸಿ, ಪ್ಲಾಟಿನಂ ತಂತಿಯ ತುದಿಯಲ್ಲಿ ಹಿಡಿದು ಬರ್ನರ್‌ನ ನೀಲಿ ಜ್ವಾಲೆಗೆ ತಂದರೆ ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾಂಷಿಯಂ ಕಡುಗೆಂಪು, ಬೇರಿಯಂ ಹಸಿರು ಸೇಬಿನ ಬಣ್ಣ. ಸೋಡಿಯಂ ಹಳದಿ ಮಾತ್ರ ಕರೆಯದಿದ್ದರೂ ಬರುತ್ತದೆ. ಬೆರಳಿನ ಬೆವರಲ್ಲೂ ಉಪ್ಪಿದೆ, ತಂತಿಯನ್ನು ಮುಟ್ಟಿದರೆ ಸಾಕು. ತಂತಿಯನ್ನು ಆಮ್ಲದಲ್ಲಿ ಅದ್ದಿ ಕಾಯಿಸುವುದನ್ನು ಬಣ್ಣ ಪೂರ್ತಿ ಹೋಗುವವರೆಗೆ ಮುಂದುವರಿಸಬೇಕು. ಪೊಟ್ಯಾಸಿಯಂನ ತಿಳಿ ನೇರಳೆ ಈ ಹಳದಿಯಲ್ಲಿ ಮುಳುಗಿಹೋಗುವುದರಿಂದ ಅದನ್ನು ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡುತ್ತಾರೆ. ಸೋಡಿಯಂನ ಆ ಹಳದಿ ಸುಮಾರು 589 ನ್ಯಾನೋಮೀಟರ್ ತರಂಗದೂರದ ಬೆಳಕು. ಮೇಲಿನ ಮಟ್ಟಕ್ಕೆ ಏರಿದ ಎಲೆಕ್ಟ್ರಾನ್ ಕೆಳಗೆ ಇಳಿಯುವಾಗ ಬಿಟ್ಟದ್ದು. ಬೆಳಗಿನ ತರಗತಿಯಲ್ಲಿ ಬೋರ್ಡಿನ ಮೇಲೆ ಅಡ್ಡಗೆರೆಗಳಾಗಿದ್ದ ಶಕ್ತಿಮಟ್ಟಗಳು ಮಧ್ಯಾಹ್ನ ತಂತಿಯ ತುದಿಯಲ್ಲಿ ಉರಿಯುತ್ತಿರುತ್ತವೆ.

ನೈಟ್ರೇಟ್‌ನ ಕಂದು ಉಂಗುರಕ್ಕೆ ತಾಳ್ಮೆ ಬೇಕು. ಸಲ್ಫ್ಯೂರಿಕ್ ಆಮ್ಲವನ್ನು ಟೆಸ್ಟ್‌ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಸಬೇಕು. ಕುಲುಕಿದರೆ ಉಂಗುರ ಹೋಯಿತು.

ಜಾಗ್ರತೆ, ರೆಕಾರ್ಡು, ಪುಸ್ತಕ

ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಗಟ್ಟಿ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಬಿದ್ದರೆ ಹುಟ್ಟುವ ಶಾಖಕ್ಕೆ ಮೇಲಿನ ನೀರು ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಕನ್ನಡಕ, ಹತ್ತಿಯ ಕೋಟು, ಪಾದ ಮುಚ್ಚುವ ಷೂ ಇರಲೇಬೇಕು. ದುಪಟ್ಟಾ, ಸೆರಗು, ಬಿಟ್ಟ ಕೂದಲು ಬರ್ನರ್ ಹತ್ತಿರ ಅಪಾಯ, ಬಿಗಿಯಾಗಿ ಕಟ್ಟಿಕೊಳ್ಳಬೇಕು. ಈಥರ್, ಅಸಿಟೋನ್ ಬಾಟಲಿ ತೆರೆಯುವಾಗ ಆ ಬೆಂಚಿನಲ್ಲಿ ಜ್ವಾಲೆ ಇರಬಾರದು. ಆಮ್ಲವಾಗಲಿ ಕ್ಷಾರವಾಗಲಿ ಮೈಮೇಲೆ ಬಿದ್ದರೆ ಮೊದಲು ಮಾಡಬೇಕಾದದ್ದು ಧಾರೆ ನೀರಿನಡಿ ಕನಿಷ್ಠ ಹದಿನೈದು ನಿಮಿಷ ತೊಳೆಯುವುದು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆದು, ಕೂಡಲೇ ವೈದ್ಯರಲ್ಲಿಗೆ. ಆಮ್ಲದ ಸುಟ್ಟಗಾಯಕ್ಕೆ ಕ್ಷಾರ ಹಚ್ಚುವ ಬುದ್ಧಿವಂತಿಕೆ ಬೇಡ. ಸೀಸ, ಬೇರಿಯಂ ಲವಣ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಟಿಫಿನ್ ಡಬ್ಬಿ ತೆರೆಯಬಾರದು. ಏನಾದರೂ ಒಡೆದರೆ, ಚೆಲ್ಲಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ಲ್ಯಾಬ್ ಅಟೆಂಡರ್‌ಗೆ ಅಥವಾ ಅಧ್ಯಾಪಕರಿಗೆ ಆ ಕ್ಷಣವೇ ಹೇಳಬೇಕು. ಲ್ಯಾಬಿನ ಮೂಲೆಮೂಲೆಯೂ ಗೊತ್ತಿರುವ ಅಟೆಂಡರ್ ಎಷ್ಟೋ ಅನಾಹುತಗಳನ್ನು ಆರಂಭದಲ್ಲೇ ತಡೆದಿರುತ್ತಾರೆ.

ರೀಡಿಂಗನ್ನು ಚೀಟಿಯಲ್ಲೋ ಅಂಗೈಯಲ್ಲೋ ಬರೆಯದೆ ನೇರವಾಗಿ ರಫ್ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಬೇಕು. ತಪ್ಪಾದರೆ ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು. ಬೇರೆ ಬ್ಯಾಚಿನ ರೀಡಿಂಗ್ ನೋಡಿ ತನ್ನದನ್ನು ತಿದ್ದಿಕೊಳ್ಳುವ ಅಭ್ಯಾಸ ತುಂಬ ಹಳೆಯದು, ತುಂಬ ಹಾನಿಕರ. 18.9 ಬಂದಿದ್ದರೆ ಅದು ಯಾಕೆ ಬಂತೆಂದು ಹುಡುಕುವ ಅರ್ಧ ಗಂಟೆಯಲ್ಲಿ ಕಲಿಯುವಷ್ಟನ್ನು ನಕಲು ಮಾಡಿದ 20.3 ಕಲಿಸುವುದಿಲ್ಲ. ಫೇರ್ ರೆಕಾರ್ಡನ್ನು ಪ್ರಯೋಗ ಮಾಡಿದ ವಾರದಲ್ಲೇ ಬರೆದು ಸಹಿ ಹಾಕಿಸಿಕೊಳ್ಳುವುದು ಲೇಸು. ಸೆಮಿಸ್ಟರ್ ಕೊನೆಯಲ್ಲಿ ಎಂಟು ಪ್ರಯೋಗ ಒಟ್ಟಿಗೆ ಬರೆಯುವಾಗ ಕೈ ಮಾತ್ರ ಓಡುತ್ತದೆ, ನೆನಪು ಬರುವುದಿಲ್ಲ.

ಪುಸ್ತಕಗಳಲ್ಲಿ ಲ್ಯಾಬಿಗೆ ವೋಗೆಲ್, ಸಾವಯವಕ್ಕೆ ಮಾರಿಸನ್ ಮತ್ತು ಬಾಯ್ಡ್, ನಿರವಯವಕ್ಕೆ ಜೆ.ಡಿ. ಲೀ ಸಾಮಾನ್ಯವಾಗಿ ಕಾಲೇಜು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಪೂರ್ತಿ ಓದಬೇಕೆಂದಿಲ್ಲ, ತರಗತಿಯಲ್ಲಿ ಪ್ರಶ್ನೆ ಗುರುತು ಬಿದ್ದ ಜಾಗಕ್ಕೆ ತೆರೆದರೆ ಸಾಕು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಉಪನ್ಯಾಸಗಳು ಉಚಿತ.

ಮೂರು ಗಂಟೆಯ ಕೊನೆಯ ಹತ್ತು ನಿಮಿಷ ತೊಳೆಯುವುದಕ್ಕೆ ಮೀಸಲು. ಪರ್ಮ್ಯಾಂಗನೇಟ್ ನಿಂತ ಬ್ಯೂರೆಟ್ಟಿನ ಗಾಜಿನ ಮೇಲೆ ಕಂದು ಕಲೆ ಕೂರುತ್ತದೆ, ಅದು ಮ್ಯಾಂಗನೀಸ್ ಡೈಆಕ್ಸೈಡ್. ಸೋಪಿಗೆ, ಬ್ರಷ್ಷಿಗೆ ಅದು ಜಗ್ಗದು. ಬೀಕರ್‌ನಲ್ಲಿ ಉಳಿದ ಆಕ್ಸಾಲಿಕ್ ಆಮ್ಲಕ್ಕೆ ಸ್ವಲ್ಪ ತೆಳು ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಬೆಚ್ಚಗೆ ಮಾಡಿ ಸುರಿದರೆ ಸಣ್ಣ ಗುಳ್ಳೆಗಳೇಳುತ್ತವೆ, ಕಲೆ ಕರಗಿ ಗಾಜು ತಿಳಿಯಾಗುತ್ತದೆ. ಆಮೇಲೆ ಎರಡು ಸಲ ನೀರು ಹಾಕಿ ತೊಳೆದು, ಕೊಳಾಯಿ ತಿರುವು ತೆರೆದಿಟ್ಟು, ಬ್ಯೂರೆಟನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿಡಬೇಕು.